ಅಪ್ಪನ ಹೋರಾಟ, ಮಾವನ ಗಲಾಟೆ

ಹೋದ ವರ್ಷದ ಬೇಸಿಗೆ ರಜೆ. ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಾವು ಕೆಲವರು ಸೇರಿ ಜಿಲ್ಲೆಯ ಮಾಹಿತಿ ಕೋಶವೊಂದನ್ನು ಸಿದ್ಧಪಡಿಸುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು, ನಾನು ಚಿಕ್ಕವಳಿದ್ದಾಗ ಗುಂಡ್ಲುಪೇಟೆ ಹೆದ್ದಾರಿಯಲ್ಲಿ ರೈತರು ನಡೆಸಿದ ರಸ್ತೆ ತಡೆ. ಈರುಳ್ಳಿ ಬೆಲೆ ಬಿದ್ದಾಗ ಶುರುವಾದ ಆ ಚಳವಳಿ ಮುಂದೆ ಚುನಾವಣೆಗೂ ಒಬ್ಬರನ್ನು ನಿಲ್ಲಿಸಿತ್ತು.

ಬರೆಯುವುದು ಕಷ್ಟವಾಗಲಿಲ್ಲ. ಯಾವ ವಿಭಾಗಕ್ಕೆ ಸೇರಿಸುವುದು ಎಂಬುದೇ ತಲೆನೋವಾಯಿತು. 'ರೈತ ಹೋರಾಟಗಳು' ಎಂದರೆ ನಮ್ಮಲ್ಲೇ ಅರ್ಧ ಜನ ಒಪ್ಪಲಿಲ್ಲ. 'ರಾಜಕೀಯ ಗಲಾಟೆಗಳು' ಎಂದರೆ ಉಳಿದವರು ಎದ್ದು ಹೊರಟರು. ಸೋಮವಾರದೊಳಗೆ ತೀರ್ಮಾನವಾಗದಿದ್ದರೆ ಆ ಬರಹವನ್ನೇ ಕೈಬಿಡುವುದಾಗಿ ಸಂಪಾದಕರು ಹೇಳಿಬಿಟ್ಟರು.

ನನ್ನ ಪೇಚು ಅವರಿಗೇನು ಗೊತ್ತು? ಹರವೆಯ ನಮ್ಮಪ್ಪ ಆ ರಸ್ತೆ ತಡೆಯಲ್ಲಿ ಮುಂದೆ ಕೂತವರು. ಗುಂಡ್ಲುಪೇಟೆಯಲ್ಲಿ ತರಕಾರಿ ವ್ಯಾಪಾರ ಮಾಡುವ ನನ್ನ ಮಾವನವರ ಟೊಮೆಟೊ ಲಾರಿ ಅವತ್ತು ಅಲ್ಲೇ ಸಿಕ್ಕಿಕೊಂಡಿತ್ತು. ನನ್ನ ಮದುವೆಯಾದ ಮೇಲೆ ಬೀಗರಿಬ್ಬರೂ ಇದೊಂದು ವಿಷಯ ಬಿಟ್ಟು ಮಿಕ್ಕೆಲ್ಲ ಮಾತಾಡುತ್ತಿದ್ದರು.

ಭಾನುವಾರ ಅಪ್ಪ ಮೊಮ್ಮಗಳನ್ನು ನೋಡಲು ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದರು. ಊಟವಾದ ಮೇಲೆ ಧೈರ್ಯ ಮಾಡಿ, ಬರೆದದ್ದನ್ನು ಇಬ್ಬರೆದುರೂ ಓದಿದೆ. ಅತ್ತೆ ಅಡುಗೆಮನೆ ಬಾಗಿಲಿನಿಂದ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಲೇ ಇದ್ದರು.

ಅಪ್ಪ ಅದು ಹೊಟ್ಟೆಪಾಡಿನ ಹೋರಾಟ ಎಂದರು. ಓಟಿಗೆ ನಿಂತ ಮೇಲೆ ರಾಜಕೀಯವಲ್ಲದೆ ಮತ್ತೇನು ಎಂದರು ಮಾವ. ದನಿ ಏರಿತು. ಹೆಸರು ಆಮೇಲೆ ಇಡೋಣ, ಅವತ್ತು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಿ ಎಂದು ಬೇಡಿಕೊಂಡೆ.

ಮೊದಲು ಬಾಯಿಬಿಟ್ಟವರು ಮಾವ. ಪರೀಕ್ಷೆಗೆ ಹೊರಟಿದ್ದ ಮಕ್ಕಳ ಟೆಂಪೊ ಬಂದಾಗ, ರಸ್ತೆಯಲ್ಲಿ ಕೂತವರೇ ಎದ್ದು ಕಲ್ಲು ಸರಿಸಿ, ಸ್ಟಾರ್ಟ್ ಆಗದ ಗಾಡಿಯನ್ನು ತಳ್ಳಿಕೊಟ್ಟದ್ದನ್ನು ಹೇಳಿದರು. "ಸುಳ್ಳು ಅನ್ನಕ್ಕಾಯ್ತದಾ? ನಾನೇ ನೋಡಿವ್ನಿ. ಅದ್ನೂ ಬರಿಯಮ್ಮ. ಆದ್ರ ನನ್ನ ಟೊಮೆಟೊ ಕೊಳ್ತೋದದ್ನೂ ಬರೀಬೇಕು ಕಣಮ್ಮ."

ಅಪ್ಪ ತಲೆ ತಗ್ಗಿಸಿದರು. "ಬೀಗ್ರೆ, ಎಲ್ಲಾನೂ ಕೊಳ್ತೋಗ್ನಿಲ್ಲ. ರಾತ್ರಿ ಲಾರಿ ತಾವ ಯಾರೂ ಇಲ್ದಾಗ ಒಂದಷ್ಟು ನಾವೇ ಇಳಿಸ್ಕಂಡು ರಸ್ತೆ ಪಕ್ಕದಲ್ಲಿ ಸಾರು ಮಾಡ್ಬುಟ್ಟೊ. ನಿಮ್ಮದು ಅಂತ ಮದ್ವೆ ಆದ್ಮೇಲೆ ಗೊತ್ತಾಯ್ತು. ಹೇಳಕ್ಕ ಬಾಯೇ ಬರ್ನಿಲ್ಲ."

ಮಾವ ಅಪ್ಪನನ್ನೇ ದಿಟ್ಟಿಸಿದರು.

"ಸಾರು ಎಂಗಿತ್ತು?"

"ಉಪ್ಪು ಕಮ್ಮಿ ಆಗಿತ್ತು."

ಮಾವ ನಕ್ಕ ರಭಸಕ್ಕೆ ಮಲಗಿದ್ದ ಮಗಳು ಎದ್ದು ಕೂತಳು. ಅಪ್ಪ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ಅತ್ತೆ ಕಾಫಿ ತರುವಷ್ಟರಲ್ಲಿ ಇಬ್ಬರೂ ಪೈಪೋಟಿಗೆ ಬಿದ್ದು ಅವತ್ತಿನ ಕಥೆ ಹೇಳತೊಡಗಿದ್ದರು. ಬರೆದುಕೊಂಡು ಬರೆದುಕೊಂಡು ನನ್ನ ಕೈ ಸೋತಿತು. ಆದರೆ ಹೋರಾಟವೋ ಗಲಾಟೆಯೋ ಎಂಬ ವಿಷಯದಲ್ಲಿ ಮಾತ್ರ ಒಬ್ಬರೂ ಕದಲಲಿಲ್ಲ.

ಸೋಮವಾರ, ನಡೆದದ್ದನ್ನೆಲ್ಲ ಮೊದಲು ಬರೆದೆ. ಭಾಗವಹಿಸಿದವರು ಇದನ್ನು ರೈತ ಹೋರಾಟ ಎನ್ನುತ್ತಾರೆ, ವ್ಯಾಪಾರಿಗಳಲ್ಲಿ ಹಲವರು ರಾಜಕೀಯ ಗಲಾಟೆ ಎನ್ನುತ್ತಾರೆ ಎಂದು ಕೊನೆಗೆ ಸೇರಿಸಿದೆ. ವಿಭಾಗಕ್ಕೆ 'ರಸ್ತೆ ತಡೆಗಳು' ಎಂದಷ್ಟೇ ಹೆಸರಿಡಲು ಕೇಳಿದೆ. ಅದು ರಸ್ತೆ ತಡೆ ಎಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಎದ್ದು ಹೋಗಿದ್ದವರೂ ಬಂದು ಓದಿ ಒಪ್ಪಿದರು.

ಪುಸ್ತಕ ಬಂದಾಗ ಮಾವ ಅದನ್ನು ಅಂಗಡಿಗೆ ಒಯ್ದು ಬಂದವರಿಗೆಲ್ಲ ತೋರಿಸಿದರಂತೆ. ಕೊನೆಗೆ ಗೆದ್ದದ್ದು ಯಾರು ಎಂದು ಒಬ್ಬರು ಕೇಳಿದ್ದಕ್ಕೆ, "ಬೀಗ್ರ ಮಾತೂ ಅಚ್ಚಾಯ್ತು, ನನ್ನ ಮಾತೂ ಅಚ್ಚಾಯ್ತು. ಓದೋರು ನೋಡ್ಕತ್ತಾರ ಬುಡು" ಎಂದರಂತೆ.

ಪಕ್ಷ ವಹಿಸದೆ ಬರೆಯುವುದೆಂದರೆ ಯಾರಿಗೂ ತಾಕದ ಮಾತು ಹುಡುಕುವುದು ಎಂದು ಅಲ್ಲಿಯವರೆಗೂ ನಂಬಿದ್ದೆ. ಈಗ ಆ ಪುಟ ತೆರೆದಾಗಲೆಲ್ಲ ಅಪ್ಪ, ಮಾವ ಇಬ್ಬರೂ ತಂತಮ್ಮ ದನಿಯಲ್ಲೇ ವಾದಿಸುವುದು ಕೇಳಿಸುತ್ತದೆ. ಒಬ್ಬಳೇ ಕೂತು ನಗುತ್ತೇನೆ.