ಸಾಲಿನಲ್ಲಿ ಎರಡು ಬಾಚಿ

ಮಳೆಗಾಲ ಶುರುವಾದರೆ ನಮ್ಮ ಅಡುಗೆಮನೆಯ ಬಾಗಿಲು ಮುನಿಸಿಕೊಂಡ ಬೀಗರ ಹಾಗೆ ಬಿಗಿದುಕೊಳ್ಳುತ್ತದೆ. ಜಮಖಂಡಿಯ ಅಂಗಡಿಯವನು ಪ್ಲಾಸ್ಟಿಕ್ಕಿನದು ಕೂರಿಸೋಣ ಎಂದ. ನಾನು ಬಡಗಿ ಕಾಶಕ್ಕನಿಗೆ ಹೇಳಿಕಳಿಸಿದೆ. ಆಕೆ ಬಾಗಿಲು ಬಿಚ್ಚಿ, ಪಡಸಾಲೆಯಲ್ಲಿ ಮಲಗಿಸಿ ರಂದಾ ಎಳೆದಳು. ಸಿಪ್ಪೆ ಸುರುಳಿಯಾಗಿ ಬಿತ್ತು, ಸಾಗವಾನಿಯ ವಾಸನೆ ಎದ್ದಿತು. ಅಪ್ಪ ಮನೆಗೆ ಬಂದ ಹಾಗಾಯಿತು.

ನಿಮ್ಮ ಅಪ್ಪನ ಅಂಗಿಗೆ ಯಾವ ವಾಸನೆಯಿತ್ತೋ ಕಾಣೆ, ನನ್ನ ಅಪ್ಪನದಕ್ಕೆ ಇದೇ. ಊಟಕ್ಕೆ ಕೂತರೆ ಮೀಸೆಯಿಂದ ಹೊಟ್ಟು ಸಾರಿಗೆ ಉದುರುತ್ತಿತ್ತು. "ಒಗ್ಗರಣಿ ನಾ ಹಾಕೇನಿ, ನೀವು ಮತ್ತ ಹಾಕಬ್ಯಾಡ್ರಿ" ಎನ್ನುತ್ತಿದ್ದಳು ಅವ್ವ. ಅಂಥವನ ಮಗಳಾದ ನನಗೆ ಇಂದಿಗೂ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದು. ಕ್ಯಾಲೆಂಡರು ತೂಗುಹಾಕಲೂ ಕಾಶಕ್ಕನೇ ಬೇಕು.

ಅಪ್ಪ ಬಡಿಗೇರ ಸಂಘದವನು. ಅಮಾವಾಸ್ಯೆಗೆ ಯಾರೂ ಕೆಲಸ ಮುಟ್ಟುವುದಿಲ್ಲವಲ್ಲ, ಅಂದೇ ಸಂಘ ಕೂಡುತ್ತಿತ್ತು. ಎಲ್ಲರೂ ಮರ ಕೆತ್ತುವ ತಂತಮ್ಮ ಬಾಚಿಯನ್ನು ತೊಳೆದು, ಕುಂಕುಮವಿಟ್ಟು, ದೇವರ ಮುಂದೆ ಸಾಲಾಗಿ ಇಡಬೇಕು. ಯಾರ ಬಾಚಿ ಸಾಲಿನಲ್ಲಿದೆಯೋ ಅವರಿಗೆ ಆ ತಿಂಗಳ ಕೆಲಸದ ಪಾಳಿ. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಕೃಷ್ಣೆಯ ದಂಡೆಯ ಊರುಗಳು ಬಾಗಿಲು, ತೊಲೆ ಬಿಚ್ಚಿಸಿಕೊಂಡು ಹೊರಟ ಕಾಲ ಅದು, ಕೈತುಂಬ ಕೆಲಸ. ಅಂಥದರಲ್ಲಿ ಅಪ್ಪನ ಜೊತೆಗಾರ, ಈ ಕಾಶಕ್ಕನ ಗಂಡ, ತೀರಿಕೊಂಡ. ಆತ ಹಾಸಿಗೆ ಹಿಡಿದಿದ್ದಾಗ ಹಿತ್ತಲಲ್ಲಿ ಅವನ ಕೆಲಸ ಮುಗಿಸಿಕೊಡುತ್ತಿದ್ದವಳು ಇವಳು, ಕಲಿಸಿದವನು ಅಪ್ಪ.

ಮುಂದಿನ ಅಮಾವಾಸ್ಯೆಗೆ ಅಪ್ಪ ಸಾಲಿನಲ್ಲಿ ಎರಡು ಬಾಚಿ ಇಟ್ಟ, ಒಂದು ತನ್ನದು, ಇನ್ನೊಂದು ಕಾಶಕ್ಕನದು. ಅಧ್ಯಕ್ಷ ಮೌನಪ್ಪ ಅವಳದನ್ನು ಎತ್ತಿ ಬದಿಗಿಟ್ಟ.

"ಹೆಣ್ಣಮಗಳನ್ನ ಮಂದಿ ಮನಿ ಮಾಳಗಿ ಹತ್ತಸ್ತಿ ಏನೋ ಈರಣ್ಣಾ? ನಾಳೆ ನಮಗ ಕುಬಸಾ ತೊಡಸ್ತೀ!"

ಅಪ್ಪ ತನ್ನದನ್ನೂ ಎತ್ತಿಕೊಂಡ. "ಅಕಿದು ಇಲ್ಲದ ಸಾಲಿನಾಗ ನಂದೂ ಇರಂಗಿಲ್ಲ."

ಊರಿಗೆಲ್ಲ ಕೆಲಸ, ನಮ್ಮಲ್ಲಿ ಬಿಡುವು. ಮರು ಅಮಾವಾಸ್ಯೆಗೂ ಅದೇ ಕತೆ. ಹಿಟ್ಟಿನ ಡಬ್ಬಿ ತಳ ಕಂಡಿತು. ಅವ್ವ ಬೈಯುತ್ತಾಳೆಂದು ಕಾದಿದ್ದೆ. ಬೈದಳು ಖರೆ: "ಹಟಾ ಹಿಡದೀರಿ. ಈಗ ನಡುವ ಬಿಟ್ಟೀರಿ ಅಂದ್ರ ನಾ ಸುಮ್ನ ಇರಂಗಿಲ್ಲ ನೋಡ್ರಿ."

ಒಂದು ಮುಂಜಾನೆ ಮೌನಪ್ಪನೇ ನಮ್ಮ ಬಾಗಿಲಿಗೆ ಬಂದ. ಗಲಗಲಿಯಲ್ಲಿ ಒಂದು ಮನೆ ಬಿಚ್ಚಿ ಟ್ರ್ಯಾಕ್ಟರಿಗೆ ಏರಿಸಿದ್ದರು. ಬಾಣಂತಿ ಕೋಣೆಯ ಗೋಡೆಯೊಳಗಿನ ಕಪಾಟು ಮಾತ್ರ ಉಳಿದಿತ್ತು. ಹಸಿ ಬಾಣಂತಿಯನ್ನು ಕೊನೆಗೆ, ಮುಚ್ಚಿದ ಜೀಪಿನಲ್ಲಿ ಒಯ್ಯುವವರಿದ್ದರು. ಮನೆಯ ಮುದುಕಿ ಹೊಸಿಲಿಗೆ ಅಡ್ಡ ಕೂತಿದ್ದಳಂತೆ: "ಕೂಸಿನ್ನ ತೊಟ್ಟಲಾಗ ಹಾಕೂತನಾ ಗಂಡಸರು ಒಳಗ ಕಾಲಿಡಂಗಿಲ್ಲ. ಕಪಾಟ ಬಿಟ್ಟು ನಾನೂ ಏಳಂಗಿಲ್ಲ."

"ಈರಣ್ಣಾ, ಕಾಶವ್ವನ್ನ ಕಳಸೋ."

"ಪಾಳಿ ಇಲ್ಲದವರನ್ನ ಕಳಸೂದು ಸಂಘಕ್ಕ ಛಲೋ ಅಲ್ಲಪಾ," ಎಂದ ಅಪ್ಪ. ನಗಲಿಲ್ಲ.

ಮೌನಪ್ಪ ನೆಲ ನೋಡಿದ. "ಅಮಾಸಿಗೆ ಅಕಿ ಬಾಚಿ ನಾನೇ ಇಡ್ತೀನಿ ಮಾರಾಯಾ. ಈಗ ಕಳಸು."

ಕಾಶಕ್ಕ ಬಡಿಯುವ ಕೊಡತಿಗೆ ಹಳೆಯ ಸೀರೆ ಸುತ್ತಿ, ಕೂಸಿಗೆ ಎಚ್ಚರವಾಗದ ಹಾಗೆ ಕಪಾಟು ಬಿಚ್ಚಿದಳು. ಅಮಾವಾಸ್ಯೆಗೆ ಮೌನಪ್ಪ ಮಾತು ನಡೆಸಿದ. ಆಮೇಲೆ ನಮ್ಮ ಹಿತ್ತಲಿಗೆ ಕಲಿಯಲು ಬಂದ ಹೆಣ್ಣುಮಕ್ಕಳಿಗೆಲ್ಲ ಅಪ್ಪ ಮೊದಲು ಮಸೆಯುವುದನ್ನೇ ಕಲಿಸಿದ. ನಾನು ಅವರಿಗೆ ಚಹಾ ಕೊಟ್ಟು ಒಳಗೆ ಬರುತ್ತಿದ್ದೆ.

"ಬಾಗಲಾ ಆತು ನೋಡ ತಂಗಿ," ಎಂದಳು ಈಗ ಕಾಶಕ್ಕ, ಬಾಗಿಲನ್ನು ಮತ್ತೆ ಕೂರಿಸಿ. ಬೆರಳು ತಾಕಿಸಿದರೆ ಮುಚ್ಚಿಕೊಂಡಿತು. "ನಾಳೆ ಅಮಾಸಿ. ಈರಣ್ಣನ ಬಾಚಿ ಎಲ್ಲೈತಿ?"

"ದೇವರ ಮನ್ಯಾಗ. ವಾರಾ ವಾರಾ ಕುಂಕುಮ ಹಚ್ಚತೇನಿ."

"ಕುಂಕುಮದಾಗ ತುಕ್ಕ ಹಿಡಿಸೀ ಅನ್ನು! ರಬಕವಿಯಿಂದ ಒಬ್ಬಾಕಿ ಕಲ್ಯಾಕ ಬರಾಕತ್ತಾಳ. ಕೈ ಛಲೋ ಐತಿ, ಬಾಚಿ ಇಲ್ಲ."

ಅಪ್ಪನದೆಂದು ನನ್ನ ಹತ್ತಿರ ಉಳಿದದ್ದು ಅದೊಂದೇ. ದೇವರ ಮನೆಗೆ ಹೋಗಿ ಅದರ ಕುಂಕುಮವನ್ನು ಸೆರಗಿನಿಂದ ಒರೆಸಿದೆ. ಆಮೇಲೆ ಅದನ್ನು ಹಿತ್ತಲಿಗೆ ತಂದು, ಕಲ್ಲಿಗೆ ನೀರು ಚಿಮುಕಿಸಿ ಮಸೆಯಲು ಕೂತೆ.

"ಹಂಗಲ್ಲ ಬೇ," ಕಾಶಕ್ಕ ಹಿಂದಿನಿಂದ ಗದರಿದಳು, "ಓರಿ ಮಾಡಿ ಹಿಡಿ."

ಓರೆ ಮಾಡಿ ಹಿಡಿದೆ.