ಅಮ್ಮಯಮ್ಮನ ವ್ಯಾನು ಸ್ಟಾರ್ಟ್ ಆಗದ ಐದು ದಿನ

ನೆಲಮಂಗಲದಲ್ಲಿ ತುಮಕೂರು ಹೆದ್ದಾರಿಯಿಂದ ಒಳಕ್ಕೆ ತಿರುಗುವ ರಸ್ತೆಯಲ್ಲಿ, ಎರಡು ಗೋದಾಮುಗಳ ನಡುವೆ ನಜೀಬುಲ್ಲಾ ಅವರ ಗ್ಯಾರೇಜು ಇದೆ. ಮೂವತ್ತೊಂದು ವರ್ಷದಿಂದ ಅಲ್ಲೇ. ಅವರಿಗೀಗ ಐವತ್ತೆಂಟು. ಕಿವಿ ಚುರುಕಾಗಿದೆ, ಕೈ ನಡುಗುವುದಿಲ್ಲ. ಮಂಡಿ ಮಾತ್ರ ಸೋತಿದೆ. ಗಾಡಿಯ ಕೆಳಗಿನಿಂದ ಹೊರಬಂದರೆ ಬಂಪರ್ ಹಿಡಿದುಕೊಂಡು ಏಳಬೇಕು, ಎದ್ದ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಲ್ಲಬೇಕು.

ಕಳೆದ ಫೆಬ್ರವರಿಯಲ್ಲಿ ಅವರು ಅಮ್ಮಯಮ್ಮನ ವ್ಯಾನಿಗೆ ಬೇರೆ ಎಂಜಿನ್ ಕೂರಿಸಿದರು. ಅಮ್ಮಯಮ್ಮ ಸೋಂಪುರದ ಕಾರ್ಖಾನೆಗಳ ಅರವತ್ತು ಜನ ಕೆಲಸಗಾರರಿಗೆ ದಿನಾ ಮಧ್ಯಾಹ್ನದ ಊಟ ಒಯ್ಯುವ ಹೆಂಗಸು. ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಮುದ್ದೆ, ಅನ್ನ, ಸಾರಿನ ಪಾತ್ರೆಗಳನ್ನು ಹಿಂದೆ ತುಂಬಿಕೊಂಡು ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ದಾಬಸ್‌ಪೇಟೆಯ ಹತ್ತಿರ ಒಂದು ದಿನ ವ್ಯಾನಿನ ಹಳೆಯ ಎಂಜಿನ್ ಜಾಮ್ ಆಗಿ ನಿಂತುಬಿಟ್ಟಿತು. ಅಪಘಾತವಾದ ಗಾಡಿಗಳನ್ನು ಬಿಚ್ಚಿ ಸಾಮಾನು ಮಾರುವ ಆವಲಪ್ಪನ ಬಳಿ ಅದೇ ಮಾದರಿಯ ಇನ್ನೊಂದು ಎಂಜಿನ್ ಸಿಕ್ಕಿತು. ಅದಿದ್ದ ಗಾಡಿ ಗೋಡೆಗೆ ಗುದ್ದಿ ನುಜ್ಜುಗುಜ್ಜಾಗಿದ್ದರೂ ಎಂಜಿನ್ ಚೆನ್ನಾಗಿದೆ ಎಂದು ಆವಲಪ್ಪ ಹೇಳಿದ್ದ.

ಎರಡು ದಿನದ ಕೆಲಸ ಮುಗಿಸಿ ನಜೀಬುಲ್ಲಾ ಕೀ ತಿರುಗಿಸಿದರು. ಸೆಲ್ಫ್ ಹೊಡೆಯಿತು, ಎಂಜಿನ್ ಸುತ್ತಿತು, ಸ್ಟಾರ್ಟ್ ಆಗಲಿಲ್ಲ. ಒಮ್ಮೊಮ್ಮೆ ಒಳಗಿನಿಂದ ಪಟ್ ಎಂದು ಒಂದು ಸದ್ದು ಬರುತ್ತಿತ್ತು, ಅಷ್ಟೇ.

ಇಂಥದ್ದನ್ನು ಅವರು ನೂರಾರು ಸಲ ನೋಡಿದವರು. ಪ್ಲಗ್ ಬಿಚ್ಚಿ ನೋಡಿದರು, ಕಿಡಿ ಇತ್ತು. ಪೆಟ್ರೋಲ್ ಪೈಪು ಕಳಚಿ ನೋಡಿದರು, ಪೆಟ್ರೋಲ್ ಚಿಮ್ಮಿತು. ಕಂಪ್ರೆಷನ್ ಗೇಜ್ ಇಟ್ಟು ನೋಡಿದರು, ನಾಲ್ಕು ಸಿಲಿಂಡರಿನಲ್ಲೂ ಸರಿಯಾಗಿತ್ತು. ಟೈಮಿಂಗ್ ಬೆಲ್ಟಿನ ಗುರುತುಗಳು ಹೊಂದಿದ್ದವು. ಬ್ಯಾಟರಿ ಬದಲಾಯಿಸಿದರು, ವೈರಿಂಗಿನ ಪ್ರತಿಯೊಂದು ಗಂಟನ್ನೂ ಕಳಚಿ ಮತ್ತೆ ಹಾಕಿದರು, ಸೆನ್ಸರ್ ಹೊಸದು ತಂದರು. ಮೂರನೇ ದಿನದ ಮಧ್ಯಾಹ್ನವೂ ಸೆಲ್ಫ್ ಹೊಡೆಯಿತು, ಎಂಜಿನ್ ಸುತ್ತಿತು, ಸ್ಟಾರ್ಟ್ ಆಗಲಿಲ್ಲ.

ಅಮ್ಮಯಮ್ಮ ಅಷ್ಟೂ ದಿನ ಆಟೋದಲ್ಲಿ ಎರಡು ಸುತ್ತು ಊಟ ಸಾಗಿಸುತ್ತಿದ್ದಳು. ಸಂಜೆ ಗ್ಯಾರೇಜಿಗೆ ಬಂದು ವ್ಯಾನನ್ನೊಮ್ಮೆ ನೋಡಿ, ಏನೂ ಕೇಳದೆ ಹೋಗುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ನಜೀಬುಲ್ಲಾಗೆ ಅನ್ನಿಸುತ್ತಿತ್ತು. ಆ ಸಂಕಟದಲ್ಲಿ ಅವರು ಆವಲಪ್ಪನಿಗೆ ಫೋನ್ ಮಾಡಿ, ಸತ್ತ ಎಂಜಿನ್ ನನ್ನ ತಲೆಗೆ ಕಟ್ಟಿದ್ದೀಯ ಎಂದು ಜೋರು ಮಾಡಿದರು. ಆವಲಪ್ಪ ಪಾಪ, ತಾನು ಅದನ್ನು ಸ್ಟಾರ್ಟ್ ಮಾಡಿ ನೋಡಿಯೇ ಬಿಚ್ಚಿದ್ದಾಗಿ ಹೇಳುತ್ತಲೇ ಇದ್ದ. ಇವರು ಪೂರ್ತಿ ಕೇಳದೆ ಫೋನ್ ಇಟ್ಟರು.

ಮನೆಯಲ್ಲಿ ಹೆಂಡತಿ ಹಮೀದಾ ಮಂಡಿಗೆ ಎಣ್ಣೆ ಹಚ್ಚುತ್ತಾ, ಶ್ರೀಧರನನ್ನು ಕರೆಯಬಾರದೇ ಎಂದಳು. ನಜೀಬುಲ್ಲಾ ಸಾಕೆಂದು ಕಾಲು ಎಳೆದುಕೊಂಡರು.

ಶ್ರೀಧರ್ ಅದೇ ಗ್ಯಾರೇಜಿನಲ್ಲಿ ಹದಿನಾಲ್ಕು ವರ್ಷ ಅವರ ಜೊತೆ ದುಡಿದವನು. ಗಾಡಿಗಳಿಗೆ ಕಂಪ್ಯೂಟರ್ ಬಂದಾಗ ಅದರ ದೋಷ ಓದುವ ಸ್ಕ್ಯಾನರ್ ಕೊಳ್ಳೋಣ ಎಂದು ಹಟ ಹಿಡಿದಿದ್ದ. ಕೈಗೆ ಗೊತ್ತಾಗದ್ದು ಡಬ್ಬಕ್ಕೆ ಗೊತ್ತಾಗುತ್ತದೆಯೇ ಎಂದು ನಜೀಬುಲ್ಲಾ ಎಲ್ಲರ ಮುಂದೆ ನಕ್ಕಿದ್ದರು. ಶ್ರೀಧರ್ ಜಗಳವಾಡಲಿಲ್ಲ. ತಿಂಗಳು ಮುಗಿಸಿ, ದಾಬಸ್‌ಪೇಟೆಯಲ್ಲಿ ತನ್ನದೇ ಅಂಗಡಿ ಹಾಕಿಕೊಂಡ. ಆರು ವರ್ಷದಿಂದ ಮಾತಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ನಜೀಬುಲ್ಲಾ ಫೋನ್ ಮಾಡಿದರು. ಶ್ರೀಧರ್ ಒಂದೇ ಗಂಟೆಯಲ್ಲಿ ಬಂದ. ಅವನ ತಲೆಯೂ ನರೆತಿತ್ತು. ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ, ಸೆಲ್ಫ್ ಹೊಡೆಯಲು ಹೇಳಿ ಪರದೆ ನೋಡುತ್ತಾ ಕೂತ. ಎಂಜಿನ್ ಒಂದೇ ವೇಗದಲ್ಲಿ ಸುತ್ತುತ್ತಿದ್ದರೂ ಪರದೆಯ ಮೇಲೆ ಸುತ್ತಿನ ಲೆಕ್ಕ ಒಂದು ಕ್ಷಣ ಎಂಬತ್ತು, ಮರುಕ್ಷಣ ಒಂಬೈನೂರು, ಆಮೇಲೆ ಸೊನ್ನೆ.

"ನಜೀಬಣ್ಣ, ಫ್ಲೈವೀಲ್ ಯಾವುದು ಹಾಕಿದ್ದೀರ? ಎಂಜಿನ್ ಜೊತೆ ಬಂದಿದ್ದಾ, ಇಲ್ಲ ಹಳೇದಾ?"

ಫ್ಲೈವೀಲ್ ಎಂದರೆ ಎಂಜಿನ್ನಿನ ಹಿಂಬದಿಗೆ ಬಿಗಿಯುವ ಭಾರದ ಚಕ್ರ. ಅದರ ಹಲ್ಲುಗಳನ್ನು ಎಣಿಸಿಕೊಂಡೇ ಆ ವ್ಯಾನಿನ ಕಂಪ್ಯೂಟರ್ ಯಾವ ಗಳಿಗೆಯಲ್ಲಿ ಕಿಡಿ ಕೊಡಬೇಕೆಂದು ತಿಳಿಯುವುದು. ಎಂಜಿನ್ ಬದಲಾಯಿಸುವಾಗ ಗಾಡಿಯ ಹಳೆಯ ಚಕ್ರವನ್ನೇ ಬಿಚ್ಚಿ ಹಾಕುವುದು ನಜೀಬುಲ್ಲಾ ಅವರ ಪದ್ಧತಿ. ಈ ಎಂಜಿನ್ ಕೂರಿಸಿದ ದಿನ ಮಂಡಿ ಉರಿಯುತ್ತಿತ್ತು. ಎರಡೂ ಚಕ್ರ ನೋಡಲು ಒಂದೇ ಥರ ಇದ್ದವು. ಮತ್ತೊಮ್ಮೆ ಕುಕ್ಕರಗಾಲಲ್ಲಿ ಕೂರಲಾರದೆ ಬಂದದ್ದನ್ನೇ ಇರಲಿ ಎಂದು ಬಿಟ್ಟಿದ್ದರು. ನಾಲ್ಕು ದಿನವೂ ಆ ಗಳಿಗೆ ನೆನಪಿಗೆ ಬಂದಿತ್ತು, ನಾಲ್ಕು ದಿನವೂ ಅವರು ಅದನ್ನು ಆಚೆ ತಳ್ಳಿದ್ದರು.

"ಜೊತೆಗೆ ಬಂದಿದ್ದೇ," ಎಂದರು. "ಕೂರಕ್ಕಾಗಲಿಲ್ಲ ಕಣೋ."

ಶ್ರೀಧರ್ ತಲೆಯಾಡಿಸಿದ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಚಕ್ರವನ್ನು ಉರುಳಿಸಿಕೊಂಡು ಬಂದು, ಒರೆಸಿ, ಹಲ್ಲು ಎಣಿಸಿದ. ಆಮೇಲೆ ಅಂಗಿ ಬಿಚ್ಚಿ ಮೊಳೆಗೆ ತಗುಲಿಹಾಕಿ, ತಾನೇ ವ್ಯಾನಿನ ಕೆಳಗೆ ಮಲಗಿದ.

ಚಕ್ರ ಬಿಚ್ಚಲು ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಿತ್ತು. ಇಬ್ಬರೂ ಆ ದಿನ ಪೂರ್ತಿ, ಮರುದಿನ ಊಟದ ಹೊತ್ತಿನವರೆಗೆ ಅದನ್ನೇ ಮಾಡಿದರು. ಮಾತು ಹೆಚ್ಚು ಇರಲಿಲ್ಲ. ಹದಿನಾಲ್ಕರ ಸ್ಪ್ಯಾನರ್ ಕೊಡಿ, ಜಾಕ್ ಸ್ವಲ್ಪ ಎತ್ತಿ, ಅಷ್ಟೇ. ಇಳಿಸಿದ ಚಕ್ರ ಬೇರೆ ವರ್ಷದ ಗಾಡಿಯದು, ಹಲ್ಲುಗಳ ಲೆಕ್ಕ ಬೇರೆಯೇ ಇತ್ತು. ಹಳೆಯದನ್ನು ಬಿಗಿದು, ಎಲ್ಲ ಕೂರಿಸಿ ಕೀ ತಿರುಗಿಸಿದಾಗ ಎಂಜಿನ್ ಎರಡನೇ ಸುತ್ತಿಗೇ ಸ್ಟಾರ್ಟ್ ಆಯಿತು. ಶ್ರೀಧರ್ ನಕ್ಕ. ನಜೀಬುಲ್ಲಾಗೆ ಖುಷಿಯೇನೂ ಆಗಲಿಲ್ಲ. ಮಲಗಬೇಕು ಅನ್ನಿಸಿತು.

ಸಂಜೆ ಅಮ್ಮಯಮ್ಮ ಬಂದಾಗ ಎಂಜಿನ್ ಸದ್ದು ಕೇಳಿ ಬಾಗಿಲಲ್ಲೇ ನಿಂತಳು. ಆವಲಪ್ಪನಿಗೆ ಏನಾದರೂ ಅನ್ನಬೇಕೇ ಎಂದು ಅವಳು ಕೇಳಿದಾಗ ನಜೀಬುಲ್ಲಾ ಕೈ ಒರೆಸಿಕೊಂಡರು.

"ಅವನದೇನೂ ತಪ್ಪಿಲ್ಲ ಅಕ್ಕ. ತಪ್ಪು ನಂದೇ. ಸೋಮಾರಿತನ ಮಾಡ್ದೆ, ಐದು ದಿನ ನಿಮ್ಮನ್ನ ಅಲೆಸ್ದೆ."

ಅಮ್ಮಯಮ್ಮ ವ್ಯಾನಿನ ಬಾಗಿಲು ತೆಗೆದು ಕೂತಳು. "ಮೊನ್ನೆ ಸುಸ್ತಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕ್ಬಿಟ್ಟಿದ್ದೆ ಸಾಬ್ರೇ," ಎಂದಳು. "ಅರವತ್ತು ಜನಾನೂ ಸುಮ್ನೆ ಉಂಡೆದ್ರು." ಸೀಟು ಮುಂದೆ ಸರಿಸಿಕೊಂಡು, ಗೇರು ಹಾಕಿ ಹೊರಟಳು.

ಫೋನಿನಲ್ಲಿ ಕ್ಷಮೆ ಕೇಳುವುದು ಸರಿಯಲ್ಲ ಎಂದು ನಜೀಬುಲ್ಲಾ ಆವಲಪ್ಪನ ಗುಜರಿಗೆ ನಡೆದೇ ಹೋದರು. ಎಲ್ಲ ಹೇಳಿದರು. ಆವಲಪ್ಪನ ಮುಖ ಗಂಟಿಕ್ಕಿಕೊಂಡೇ ಇತ್ತು. ತನ್ನ ಹೆಂಡತಿಯ ಎದುರೇ ಆ ಫೋನ್ ಬಂದಿತ್ತು ಎಂದ. ಆದರೂ ಕೂರಲು ಒಂದು ಕಾರಿನ ಸೀಟು ತೋರಿಸಿದ. ಟೀ ತರಿಸಲಿಲ್ಲ. ಅದು ನ್ಯಾಯವೇ ಎಂದು ನಜೀಬುಲ್ಲಾಗೆ ಅನ್ನಿಸಿತು.

ಆಮೇಲೆ ಅವರು ಎಂಜಿನ್ ಇಳಿಸುವ ಕೆಲಸ ಹಿಡಿಯಲಿಲ್ಲ. ಬ್ರೇಕು, ಆಯಿಲ್, ಚಿಕ್ಕಪುಟ್ಟ ವೈರಿಂಗ್ ಮಾಡುತ್ತಾರೆ. ದೊಡ್ಡ ಕೆಲಸ ಬಂದರೆ ದಾಬಸ್‌ಪೇಟೆಯ ದಾರಿ ಹೇಳಿ, ಶ್ರೀಧರನಿಗೆ ತಾವೇ ಫೋನ್ ಮಾಡಿ, ಗಾಡಿ ಬರುತ್ತಿದೆ, ನೋಡು ಎನ್ನುತ್ತಾರೆ.