ಸೊಟ್ಟ ಗುಂಡಿ

ಬಟ್ಟೆ ಹೊಲಿಯುವ ಅಕ್ಕ, ಬೋರ್ಡು ಬರೆಯುವ ತಮ್ಮ, ಮನೆಯಲ್ಲಿ ಇಬ್ಬರೇ. ತಮ್ಮನಿಗೆ ಮನಸ್ಸು ಒಮ್ಮೆ ಉಬ್ಬಿ ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆ. ಉಬ್ಬರದ ದಿನಗಳಲ್ಲಿ ನಿದ್ದೆಗೆಟ್ಟು, ಯಾರನ್ನೂ ಕೇಳದೆ ಬೀದಿಯ ಗೇಟುಗಳಿಗೆಲ್ಲ ಹಳದಿ ಬಳಿದಿದ್ದ. ಈಗ ಗೋಡೆಗೆ ಮುಖ ಮಾಡಿ ಮಲಗಿದವನು ಸ್ನಾನಕ್ಕೂ ಏಳುತ್ತಿರಲಿಲ್ಲ. "ಮನಸ್ಸು ಗಟ್ಟಿ ಮಾಡ್ಕೊಳೋ" ಎಂದು ಹೇಳಿ ಹೇಳಿ ಅಕ್ಕನ ಬಾಯಿ ಸೋತಿತ್ತು.

"ಇದು ಸೋಮಾರಿತನ ಅಲ್ಲಮ್ಮ, ಕಾಯಿಲೆ. ಮಾತ್ರೆ ತಪ್ಪಿಸ್ಬೇಡಿ, ಸುಮ್ನೆ ಜೊತೆಗಿರಿ" ಎಂದರು ಡಾಕ್ಟರು.

ಸುಮ್ಮನಿರುವುದು ಅವಳ ಜಾಯಮಾನವಲ್ಲ. ಆದರೂ ಅಂಗಿಗಳ ಗಂಟು ತಂದು, ಅವನ ಮಂಚದ ಪಕ್ಕ ತುಟಿ ಬಿಗಿಹಿಡಿದು ಗುಂಡಿ ಹೊಲಿಯುತ್ತ ಕೂತಳು. ವಾರಗಳು ಕಳೆದ ಮೇಲೆ, ಒಂದು ಮಧ್ಯಾಹ್ನ ತಮ್ಮ ಇತ್ತ ಹೊರಳಿದ.

"ಅಕ್ಕಾ, ಆ ಗುಂಡಿ ಸೊಟ್ಟಗಿದೆ."

"ಹೌದೇನೋ? ನನಗೆ ಕಾಣಲ್ಲ, ಎದ್ದು ತೋರ್ಸು."

ಅವನು ಎದ್ದು ಕೂತ. ಅವಳು ಗುಂಡಿ ಬಿಚ್ಚಿ, ಅವನು ಬೆರಳಿಟ್ಟಲ್ಲಿ ಮತ್ತೆ ಹೊಲಿದಳು.